ಪಾಸ್ಖಕ್ಕೆ ಮುನ್ನಿನ ದಿನಗಳು: ತಪಸ್ಸುಕಾಲ ಮತ್ತು ಪವಿತ್ರ ವಾರದ ಅರ್ಥವಿಚಾರ

ಕ್ರೈಸ್ತರ ಹಬ್ಬಗಳಲ್ಲಿ ಪಾಸ್ಖವೇ, ಎಂದರೆ ಈಸ್ಟರೇ, ಪ್ರಾಚೀನತಮವೂ ಪ್ರಧಾನವೂ ಆದುದು. ಜನಪ್ರಿಯತೆಯಲ್ಲಿ ಕ್ರಿಸ್ತಜಯಂತಿಯು ಅದನ್ನು ಮೀರಿಸಿರಬಹುದಾದರೂ ಧರ್ಮಸಭೆಯ ವರ್ಷಚಕ್ರವೆಲ್ಲವೂ ಪುನರುತ್ಥಾನದ ಆ ಒಂದು ಭಾನುವಾರದ ಸುತ್ತಲೇ ತಿರುಗುತ್ತಿದೆ. ಹೀಗಿದ್ದರೂ ಭಕ್ತನು ಆ ಭಾನುವಾರಕ್ಕೆ ನೇರವಾಗಿ ಬಂದು ಸೇರುವಂತಿಲ್ಲ. ನಲವತ್ತು ದಿನಗಳ ತಪಸ್ಸುಕಾಲವನ್ನೂ ಅದರ ಶಿಖರಪ್ರಾಯವಾದ ಪವಿತ್ರ ವಾರವನ್ನೂ ಹಾದು ಬಂದವನಿಗೇ ಆ ಹಬ್ಬದ ಬಾಗಿಲು ತೆರೆಯುವುದೆಂದು ಪ್ರಾಚೀನ ಪರಂಪರೆಯು ವಿಧಿಸಿದೆ. ಸುವಾರ್ತೆಗಳನ್ನು ಬರೆದವರೂ ಈ ದಿನಗಳಿಗೆ ಕೊಟ್ಟಿರುವ ಸ್ಥಾನ ವಿಸ್ಮಯಕರವಾದುದು. ಮಾರ್ಕನ ಗ್ರಂಥದ 16 ಅಧ್ಯಾಯಗಳಲ್ಲಿ 11ನೆಯದರಿಂದ ಮುಂದಿನವೆಲ್ಲವೂ ಒಂದೇ ವಾರದ ಕಥೆ. ಯೋಹಾನನ 21 ಅಧ್ಯಾಯಗಳಲ್ಲಿ 12ರಿಂದ 19ರವರೆಗಿನ ಎಂಟು ಅಧ್ಯಾಯಗಳು ಜೆರುಸಲೇಮಿನ ಪ್ರವೇಶದಿಂದ ಸಮಾಧಿಯವರೆಗಿನ ಕೆಲವೇ ದಿನಗಳಿಗೆ ಮೀಸಲಾಗಿವೆ. ಬಾಲ್ಯ, ಯೌವನ, ಬೋಧನೆ, ಪವಾಡ ಇವೆಲ್ಲವನ್ನೂ ಸಂಕ್ಷೇಪಿಸಿದ ಲೇಖನಿಯು ಮರಣದ ವಾರದ ಬಳಿಗೆ ಬಂದೊಡನೆ ಹೆಜ್ಜೆಹೆಜ್ಜೆಗೂ ನಿಂತು ನಡೆಯತೊಡಗುವುದನ್ನು ಕಂಡಾಗ, ಈ ದಿನಗಳ ಅರ್ಥವೇನೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಬಂದ ಉತ್ತರಗಳು ಸ್ಥೂಲವಾಗಿ ಮೂರು. ನಡೆದುಹೋದ ಘಟನೆಯ ಶ್ರದ್ಧಾಪೂರ್ವಕ ಸ್ಮರಣೆಯೇ ಇವುಗಳ ಅರ್ಥವೆನ್ನುವುದು ಒಂದು. ಪಾಪಿಯಾದ ಮಾನವನ ದೇಹಮನಸ್ಸುಗಳ ಶುದ್ಧೀಕರಣವೇ ಅರ್ಥವೆನ್ನುವುದು ಎರಡನೆಯದು. ಲೋಕದ ವಿಮೋಚನೆಗಾಗಿ ದೇವರು ಮಾಡಿದ ಮಹತ್ಕಾರ್ಯದಲ್ಲಿ ಭಾಗಿಯಾಗುವುದೇ ಅರ್ಥವೆನ್ನುವುದು ಮೂರನೆಯದು. ಮೂರೂ ಸತ್ಯವೇ. ಆದರೆ ಮೂರಕ್ಕೂ ಆಧಾರವಾಗಿ ಇನ್ನೊಂದು ತತ್ತ್ವವು ಈ ದಿನಗಳ ಆಚರಣೆಯೊಳಗೇ ಹುದುಗಿದೆಯೆಂದು ತೋರುತ್ತದೆ: ಭಕ್ತನು ಇಲ್ಲಿ ನ್ಯಾಯಾಧೀಶನ ಪೀಠದಲ್ಲಿ ಕೂರುವುದಿಲ್ಲ, ಅಪರಾಧಿಗಳ ಸಾಲಿನಲ್ಲಿ ನಿಲ್ಲುತ್ತಾನೆ. ಈ ತತ್ತ್ವವನ್ನು ಉಳಿಸಿಕೊಂಡ ಕಡೆ ಈ ದಿನಗಳು ಮನುಷ್ಯನನ್ನು ಮೃದುಗೊಳಿಸಿವೆ; ಮರೆತ ಕಡೆ ಕ್ರೂರನನ್ನಾಗಿಸಿವೆ. ಆಚರಣೆಯ ಚರಿತ್ರೆಯನ್ನು ಕ್ರಮವಾಗಿ ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾದೀತು.

ಆದಿಯಲ್ಲಿ ನಲವತ್ತು ದಿನಗಳಾಗಲಿ ಒಂದು ವಾರವಾಗಲಿ ಇರಲಿಲ್ಲ. ಯೆಹೂದ್ಯರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದನ್ನು ನೆನೆಯುವ ಪಾಸ್ಖ ಹಬ್ಬದ ಕಾಲದಲ್ಲಿಯೇ ಯೇಸುವಿನ ಮರಣವು ಸಂಭವಿಸಿದುದರಿಂದ, ಏಷ್ಯಾ ಮೈನರಿನ ಕ್ರೈಸ್ತರು ನೀಸಾನ್ ಮಾಸದ ಹದಿನಾಲ್ಕನೆಯ ದಿನ, ವಾರ ಯಾವುದೇ ಆಗಿರಲಿ, ತಮ್ಮ ಪಾಸ್ಖವನ್ನು ಆಚರಿಸುತ್ತಿದ್ದರು. ರೋಮಿನವರಾದರೋ ಭಾನುವಾರವೇ ಆಗಬೇಕೆಂದರು. ಸುಮಾರು 155ರಲ್ಲಿ ಸ್ಮಿರ್ನಾದ ವೃದ್ಧ ಬಿಷಪ್ ಪಾಲಿಕಾರ್ಪನು ರೋಮಿಗೆ ಬಂದು ಅಲ್ಲಿನ ಬಿಷಪ್ ಅನಿಸೇತಸನೊಡನೆ ಚರ್ಚಿಸಿದನು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲಾಗಲಿಲ್ಲ. ಆದರೂ ಸ್ನೇಹದಿಂದಲೇ ಬೀಳ್ಕೊಂಡರು. ಮುಂದೆ ರೋಮಿನ ಬಿಷಪ್ ವಿಕ್ಟರನು ಏಷ್ಯಾದವರನ್ನು ಬಹಿಷ್ಕರಿಸಲು ಹೊರಟಾಗ ಲಿಯೋನಿನ ಐರೀನಿಯಸನು ಅವನಿಗೆ ಪತ್ರ ಬರೆದು ತಡೆದನು. ಹಬ್ಬಕ್ಕೆ ಮುನ್ನ ಕೆಲವರು ಒಂದು ದಿನ, ಕೆಲವರು ಎರಡು ದಿನ, ಮತ್ತೆ ಕೆಲವರು ನಲವತ್ತು ಗಂಟೆಗಳ ಕಾಲ ಉಪವಾಸ ಮಾಡುವರೆಂದೂ ಈ ಭೇದಗಳಿದ್ದರೂ ಸಭೆಯಲ್ಲಿ ಶಾಂತಿ ನೆಲೆಸಿತ್ತೆಂದೂ ಆತನು ಜ್ಞಾಪಿಸಿದನು. ಆ ಪತ್ರದ ಭಾಗವನ್ನು ಚರಿತ್ರಕಾರ ಯೂಸೇಬಿಯಸನು ಉಳಿಸಿಕೊಟ್ಟಿದ್ದಾನೆ. 325ರ ನೈಸೀಯಾ ಮಹಾಸಭೆಯು ಭಾನುವಾರದ ಪಕ್ಷವನ್ನು ಎತ್ತಿಹಿಡಿಯಿತು. ಅದೇ ಸಭೆಯ ನಿಯಮಾವಳಿಯಲ್ಲಿ ನಲವತ್ತು ದಿನಗಳ ಕಾಲವೊಂದರ ಉಲ್ಲೇಖವೂ ದೊರೆಯುತ್ತದೆ. ವಸಂತ ವಿಷುವದ ದಿನವಾಗಲಿ ಅದರ ತರುವಾಯವಾಗಲಿ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರವೆಂಬ ಗಣನೆಯಂತೆ ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬೀಳುತ್ತದೆ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಪಂಚಾಂಗವನ್ನು ಪಶ್ಚಿಮವು ಸ್ವೀಕರಿಸಿ, ಪೂರ್ವದ ಸಭೆಗಳಲ್ಲಿ ಬಹುಪಾಲು ಹಳೆಯ ಗಣನೆಯಲ್ಲಿಯೇ ನಿಂತುದರಿಂದ ಇಂದಿಗೂ ಎರಡು ಹಬ್ಬಗಳು ಬಹುವರ್ಷಗಳಲ್ಲಿ ಬೇರೆಬೇರೆ ದಿನಗಳಿಗೆ ಬರುತ್ತವೆ.

ನಲವತ್ತೆಂಬ ಸಂಖ್ಯೆಗೆ ಧರ್ಮಗ್ರಂಥದ ಬಲವಿದೆ. ಮೋಶೆಯು ಸೀನಾಯ್ ಬೆಟ್ಟದ ಮೇಲೆ ನಲವತ್ತು ದಿನ ಇದ್ದನು. ಎಲೀಯನು ಹೋರೇಬಿಗೆ ನಲವತ್ತು ದಿನ ನಡೆದನು. ಇಸ್ರಾಯೇಲ್ ಜನರು ನಲವತ್ತು ವರ್ಷ ಮರಳುಗಾಡಿನಲ್ಲಿ ಅಲೆದರು. ಯೇಸುಸ್ವಾಮಿಯು ತನ್ನ ಬೋಧನೆಯನ್ನು ಆರಂಭಿಸುವ ಮೊದಲು ನಲವತ್ತು ದಿನ ಅರಣ್ಯದಲ್ಲಿ ಉಪವಾಸವಿದ್ದು ಶೋಧನೆಗೆ ಒಳಗಾದನು. ಆದರೆ ಈ ಅವಧಿಯು ವ್ಯವಸ್ಥಿತವಾಗಿ ರೂಪುಗೊಳ್ಳಲು ಹೊಸದಾಗಿ ಧರ್ಮಕ್ಕೆ ಸೇರುವವರ ಶಿಕ್ಷಣವೂ ಒಂದು ಮುಖ್ಯ ಕಾರಣವಾಯಿತು. ಪಾಸ್ಖದ ರಾತ್ರಿ ದೀಕ್ಷಾಸ್ನಾನ ಪಡೆಯಬೇಕಾದವರು ವಾರಗಳ ಕಾಲ ಉಪವಾಸವಿದ್ದು ಬಿಷಪನ ಬೋಧನೆಯನ್ನು ಕೇಳಿ ಪರೀಕ್ಷೆಗೆ ಒಳಗಾಗುತ್ತಿದ್ದರು. 387ರ ಏಪ್ರಿಲ್ 24ರ ರಾತ್ರಿ ಮಿಲಾನಿನಲ್ಲಿ ಆಂಬ್ರೋಸನ ಕೈಯಿಂದ ದೀಕ್ಷೆ ಪಡೆದ ಅಗಸ್ಟೀನನೂ ಈ ದಾರಿಯಲ್ಲಿಯೇ ಬಂದವನು. ಘೋರಪಾಪಗಳಿಂದ ಸಭೆಯ ಹೊರಗಾದವರು ಪುನಃ ಒಳಸೇರುವುದಕ್ಕೂ ಇದೇ ಕಾಲವು ನಿಗದಿಯಾಯಿತು. ಗಮನಾರ್ಹವಾದ ಸಂಗತಿಯೆಂದರೆ, ಪಶ್ಚಾತ್ತಾಪಿಗಳ ತಲೆಗೆ ಬೂದಿ ಹಾಕುವ ವಿಧಿಯನ್ನು ಕಾಲಕ್ರಮದಲ್ಲಿ ಉಳಿದವರೂ ತಮ್ಮದೆಂದು ಕೇಳಿ ಪಡೆದುದು. 1091ರ ಬೆನೆವೆಂಟೋ ಸಭೆಯು ಅದನ್ನು ಯಾಜಕರಿಗೂ ಜನಸಾಮಾನ್ಯರಿಗೂ ವಿಧಿಸಿತು. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದ ಆ ವಿಭೂತಿಯನ್ನು ಇಂದು ತಪಸ್ಸುಕಾಲವು ಆರಂಭವಾಗುವ ವಿಭೂತಿ ಬುಧವಾರದ ದಿನ ಬಿಷಪನೂ ಕೂಲಿಕಾರನೂ ಒಂದೇ ಸಾಲಿನಲ್ಲಿ ನಿಂತು ಹಣೆಗೆ ಹಚ್ಚಿಸಿಕೊಳ್ಳುವರು. ಬಹಿರಂಗ ಪಾಪಿಗಳಿಗಾಗಿ ಇದ್ದ ಅವಮಾನದ ಗುರುತನ್ನು ಇಡೀ ಸಮಾಜವೇ ಕೈಚಾಚಿ ಪಡೆದುಕೊಂಡಿತೆಂಬುದು ತಪಸ್ಸುಕಾಲದ ಆಂತರ್ಯವನ್ನು ಚೆನ್ನಾಗಿ ತಿಳಿಸುತ್ತದೆ.

ಪೂರ್ವದೇಶದ ಬಹುಪಾಲು ಸಭೆಗಳಲ್ಲಿ ಬೂದಿಯಿಲ್ಲ; ಆದರೆ ಅದೇ ಭಾವವು ಮತ್ತೊಂದು ರೂಪದಲ್ಲಿ ಪ್ರಕಟವಾಗುತ್ತದೆ. ಅಲ್ಲಿ ಮೊದಲೊಂದು ವಾರ ಮಾಂಸವನ್ನೂ ಅನಂತರ ಹಾಲು ಬೆಣ್ಣೆಗಳನ್ನೂ ತ್ಯಜಿಸಿ ಭಕ್ತರು ಸೋಮವಾರದಂದು ಮಹೋಪವಾಸವನ್ನು ಪ್ರವೇಶಿಸುವರು. ಅದರ ಹಿಂದಿನ ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಯಾಜಕನು ಜನರ ಮುಂದೆ ನೆಲಮುಟ್ಟಿ ಬಾಗಿ ತನ್ನನ್ನು ಕ್ಷಮಿಸಿರೆಂದು ಬೇಡುತ್ತಾನೆ. ಬಳಿಕ ಒಬ್ಬೊಬ್ಬರೂ ಅವನ ಮುಂದೆಯೂ ಪರಸ್ಪರರ ಮುಂದೆಯೂ ಬಾಗಿ ಕ್ಷಮೆ ಕೇಳಿ ಕ್ಷಮೆ ಕೊಡುವರು. ಗಂಡಹೆಂಡಿರು, ಅಣ್ಣತಮ್ಮಂದಿರು, ವರ್ಷವಿಡೀ ಮಾತು ಬಿಟ್ಟ ನೆರೆಹೊರೆಯವರು ಒಬ್ಬರ ಎದುರಿಗೆ ಒಬ್ಬರು ಬಂದು ನಿಲ್ಲಲೇಬೇಕಾದಂತೆ ಆ ಸಾಲು ಸಾಗುತ್ತದೆ. ಸಿರಿಯಕ್ ಪರಂಪರೆಯ ಸಭೆಗಳಲ್ಲಿಯೂ ಉಪವಾಸದ ಮೊದಲ ಸೋಮವಾರ ಇಂತಹ ಕ್ಷಮಾಪಣೆಯ ಆರಾಧನೆಯುಂಟು. ಇಥಿಯೋಪಿಯಾದವರ ಮಹೋಪವಾಸವು 55 ದಿನಗಳಷ್ಟು ದೀರ್ಘವಾದುದು. ಆಹಾರದ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ, ನೆರೆಯವನೊಡನೆ ಕಲಹವನ್ನು ಉಳಿಸಿಕೊಂಡು ಮಾಡಿದ ಉಪವಾಸವು ನಿಷ್ಫಲವೆಂಬುದರಲ್ಲಿ ಭೇದವಿಲ್ಲ.

ಇನ್ನು ಪವಿತ್ರ ವಾರವು ಇಂದಿನ ರೂಪವನ್ನು ತಳೆದುದು ಜೆರುಸಲೇಮಿನಲ್ಲಿ. ಕಾನ್‌ಸ್ಟಂಟೈನನು ಕಟ್ಟಿಸಿದ ಪವಿತ್ರ ಸಮಾಧಿಯ ದೇವಾಲಯವು 335ರಲ್ಲಿ ಪ್ರತಿಷ್ಠೆಯಾದ ಮೇಲೆ ಯಾತ್ರಿಕರು ದೂರದೇಶಗಳಿಂದ ಬಂದು, ಘಟನೆ ನಡೆದ ಸ್ಥಳದಲ್ಲಿಯೇ, ನಡೆದ ದಿನದಂದೇ, ನಡೆದ ಗಳಿಗೆಯಲ್ಲಿಯೇ ಸುವಾರ್ತೆಯ ಆಯಾ ಭಾಗವನ್ನು ಕೇಳುವ ಪದ್ಧತಿ ಬೆಳೆಯಿತು. 381ರಿಂದ 384ರ ಸುಮಾರಿನಲ್ಲಿ ಪಶ್ಚಿಮ ಯೂರೋಪಿನಿಂದ ಹೋಗಿದ್ದ ಎಗೇರಿಯಾ ಎಂಬ ಮಹಿಳೆಯು ತನ್ನ ಸೋದರಿಯರಿಗಾಗಿ ಬರೆದ ವೃತ್ತಾಂತದ ಪ್ರತಿಯೊಂದು 1884ರಲ್ಲಿ ಇಟಲಿಯ ಅರೆಟ್ಸೋ ನಗರದಲ್ಲಿ ದೊರೆತುದರಿಂದ ಆ ಆಚರಣೆಯನ್ನು ನಾವು ಕಣ್ಣಾರೆ ಕಂಡಂತೆ ಅರಿಯಬಹುದಾಗಿದೆ. ಭಾನುವಾರ ಸಂಜೆ ಎಣ್ಣೆಮರಗಳ ಗುಡ್ಡದಿಂದ ಜನರೆಲ್ಲರೂ ಖರ್ಜೂರದ ಗರಿಗಳನ್ನೂ ಎಣ್ಣೆಮರದ ರೆಂಬೆಗಳನ್ನೂ ಹಿಡಿದು, ನಡೆಯಲಾರದ ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಮುದುಕರಿಗೆ ಆಯಾಸವಾಗದಂತೆ ಮೆಲ್ಲಮೆಲ್ಲನೆ ಬಿಷಪನೊಡನೆ ಇಳಿದು ಬರುತ್ತಿದ್ದರೆಂದು ಅವಳು ವರ್ಣಿಸುತ್ತಾಳೆ. ಶುಕ್ರವಾರ ಬೆಳಗ್ಗೆ ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ ಶಿಲುಬೆಯ ಮರದ ಚೂರನ್ನಿಟ್ಟು ಅದರ ಎರಡು ತುದಿಗಳನ್ನೂ ಬಿಷಪನೇ ಕೈಗಳಿಂದ ಒತ್ತಿ ಹಿಡಿದಿರುವನು, ಜನರು ಒಬ್ಬೊಬ್ಬರಾಗಿ ಬಂದು ಬಾಗಿ, ಮೊದಲು ಹಣೆಯಿಂದಲೂ ಬಳಿಕ ಕಣ್ಣುಗಳಿಂದಲೂ ಅದನ್ನು ಸ್ಪರ್ಶಿಸಿ ಮುತ್ತಿಡುವರು, ಕೈಯಿಂದ ಮುಟ್ಟುವಂತಿಲ್ಲ. ಸುತ್ತಲೂ ಸೇವಕರು ಕಾವಲು ನಿಂತಿರುವುದೇಕೆಂದರೆ, ಹಿಂದೊಮ್ಮೆ ಯಾರೋ ಮುತ್ತಿಡುವ ನೆವದಲ್ಲಿ ಆ ಪವಿತ್ರ ಮರವನ್ನು ಕಚ್ಚಿ ತುಂಡೊಂದನ್ನು ಕದ್ದೊಯ್ದನೆಂಬ ಮಾತಿತ್ತಂತೆ. ಭಕ್ತಿಯು ಲೋಭಕ್ಕೆ ಎಷ್ಟು ಸಮೀಪದಲ್ಲಿದೆ ಎಂಬುದನ್ನು ಆ ಪುರಾತನ ಕಾವಲುಗಾರರೂ ಬಲ್ಲವರಾಗಿದ್ದರು.

ಜೆರುಸಲೇಮಿನಿಂದ ಮರಳಿದ ಯಾತ್ರಿಕರೊಡನೆ ಈ ಆಚರಣೆಯು ದೇಶದೇಶಗಳಿಗೆ ಹಬ್ಬಿ, ಆಯಾ ನೆಲದ ಗಿಡಮರಗಳನ್ನು ತನ್ನದಾಗಿಸಿಕೊಂಡಿತು. ಚಳಿಯ ರಷ್ಯದಲ್ಲಿ ವಿಲೋ ಜಾತಿಯ ಗಿಡದ ಮೊಗ್ಗುಕಡ್ಡಿಗಳೂ ನಮ್ಮ ಕರಾವಳಿಯಲ್ಲಿ ತೆಂಗಿನ ಎಳೆಗರಿಗಳೂ ಖರ್ಜೂರದ ಸ್ಥಾನವನ್ನು ಪಡೆದುವು. ಆದರೆ ಗರಿಗಳ ಭಾನುವಾರದ ನಿಜವಾದ ಮರ್ಮವಿರುವುದು ಮೆರವಣಿಗೆ ಮುಗಿದು ದೇವಾಲಯದೊಳಗೆ ಕ್ರಿಸ್ತನ ಯಾತನೆಯ ವೃತ್ತಾಂತವನ್ನು ಓದುವಾಗ. ಕಥೋಲಿಕ ಪದ್ಧತಿಯಲ್ಲಿ ಒಬ್ಬನು ನಿರೂಪಕನ ಮಾತನ್ನೂ ಯಾಜಕನು ಯೇಸುವಿನ ಮಾತನ್ನೂ ಓದುವಾಗ ಗುಂಪಿನ ಮಾತುಗಳನ್ನು ಸಭಿಕರಿಗೇ ಬಿಡುವ ರೂಢಿಯಿದೆ. ಅರ್ಧಗಂಟೆಯ ಹಿಂದೆ ಗರಿಯನ್ನು ಮೇಲೆತ್ತಿ ಹೊಸನ್ನ ಹಾಡಿದ ಬಾಯಿಗಳೇ, ಗರಿಯಿನ್ನೂ ಕೈಯಲ್ಲಿರುವಾಗಲೇ, ಅವನನ್ನು ಶಿಲುಬೆಗೇರಿಸೆಂದು ಪಿಲಾತನಿಗೆ ಕೂಗಿ ಹೇಳಬೇಕಾಗುತ್ತದೆ. ಕೇಳುಗನನ್ನು ಪಾತ್ರಧಾರಿಯನ್ನಾಗಿಸುವ ಈ ವಿಧಾನಕ್ಕಿಂತ ಮಿಗಿಲಾದ ಉಪದೇಶವನ್ನು ಯಾವ ಪ್ರಸಂಗಿಯೂ ಮಾಡಲಾರನು.

ಭಾನುವಾರಕ್ಕೂ ಗುರುವಾರಕ್ಕೂ ನಡುವಣ ದಿನಗಳನ್ನು ಸಾಮಾನ್ಯವಾಗಿ ಯಾರೂ ಹೆಚ್ಚಾಗಿ ಚಿಂತಿಸುವುದಿಲ್ಲ. ಆದರೆ ಬೇಥಾನ್ಯದ ಮನೆಯೊಂದರಲ್ಲಿ ನಡೆದ ಘಟನೆ ಈ ದಿನಗಳಲ್ಲಿಯೇ ಸ್ಮರಿಸಲ್ಪಡುತ್ತದೆ. ಯೇಸು ಊಟಕ್ಕೆ ಕುಳಿತಿದ್ದಾಗ ಒಬ್ಬ ಸ್ತ್ರೀಯು ಜಟಾಮಾಂಸಿಯ ತೈಲವನ್ನು ತಂದು ಅವನಿಗೆ ಅಭಿಷೇಕಿಸಿದಳು. ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಬೆಳೆಯುವ ಒಂದು ಸಣ್ಣ ಗಿಡದ ಬೇರಿನ ಪರಿಮಳವದು. ವರ್ತಕರ ಕೈಯಿಂದ ಕೈಗೆ ಸಾಗಿ ಮೆಡಿಟರೇನಿಯನ್ ದೇಶಗಳನ್ನು ತಲಪುವಷ್ಟರಲ್ಲಿ ಅದರ ಬೆಲೆ ಗಗನಕ್ಕೇರುತ್ತಿತ್ತು. ಆ ತೈಲವು ಮುನ್ನೂರು ದಿನಾರಿಗಿಂತಲೂ ಹೆಚ್ಚಿಗೆ ಮಾರಾಟವಾಗಬಹುದಿತ್ತೆಂದು ಅಲ್ಲಿದ್ದವರು ಗೊಣಗಿದರು. ಒಂದು ದಿನಾರಿಯು ಕೂಲಿಯವನ ಒಂದು ದಿನದ ಸಂಬಳವಾದುದರಿಂದ ಅದು ಸುಮಾರು ಒಂದು ವರ್ಷದ ದುಡಿಮೆ. ಅದರ ಬೆನ್ನಿಗೇ ಶಿಷ್ಯನಾದ ಯೂದನು ಮೂವತ್ತು ಬೆಳ್ಳಿನಾಣ್ಯಗಳಿಗೆ ಗುರುವನ್ನು ಒಪ್ಪಿಸಿಕೊಡಲು ಒಡಂಬಟ್ಟನೆಂದು ಮತ್ತಾಯನು ಬರೆಯುತ್ತಾನೆ. ಲೆಕ್ಕವಿಡದೆ ಸುರಿದವಳೂ ಲೆಕ್ಕ ಮಾಡಿ ಮಾರಿದವನೂ ಒಂದೇ ವಾರದಲ್ಲಿ, ಒಂದೇ ಬಳಗದಲ್ಲಿ ಇದ್ದರು. ಇವರಿಬ್ಬರಲ್ಲಿ ತನ್ನ ಹೋಲಿಕೆ ಯಾರಿಗೆ ಎಂದು ಯೋಚಿಸುವುದಕ್ಕೆ ಭಕ್ತನಿಗೆ ಮೂರು ದಿನಗಳ ಅವಕಾಶ ದೊರೆಯುತ್ತದೆ.

ಪವಿತ್ರ ಗುರುವಾರದಂದು ಎರಡು ಸ್ಮರಣೆಗಳು ಒಂದುಗೂಡಿವೆ. ಮೊದಲ ಮೂರು ಸುವಾರ್ತೆಗಳು ಕಡೆಯ ಭೋಜನದಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತನ್ನ ದೇಹರಕ್ತಗಳೆಂದು ಯೇಸು ಹಂಚಿದುದನ್ನು ಹೇಳಿದರೆ, ಯೋಹಾನನು ಅದನ್ನು ಬಿಟ್ಟು, ಗುರುವು ಮೇಲಂಗಿಯನ್ನು ತೆಗೆದಿಟ್ಟು ನಡುವಿಗೆ ಕೈಪಾವಡೆ ಸುತ್ತಿಕೊಂಡು ಶಿಷ್ಯರ ಪಾದಗಳನ್ನು ತೊಳೆದುದನ್ನು ಹೇಳುತ್ತಾನೆ. ನಮ್ಮ ದೇಶದಲ್ಲಿ ಶಿಷ್ಯನು ಗುರುವಿನ ಪಾದವನ್ನು ತೊಳೆಯುವುದು ವಾಡಿಕೆ. ಇಲ್ಲಿ ಕ್ರಮವು ತಲೆಕೆಳಗಾಗಿದೆ. ತೊಳೆಯಿಸಿಕೊಂಡವರಲ್ಲಿ ಆ ರಾತ್ರಿಯೇ ಹಿಡಿದುಕೊಡಲಿರುವವನೂ, ಅರಿಯೆನೆಂದು ಮೂರು ಸಲ ಹೇಳಲಿರುವವನೂ ಇದ್ದರು. ಇಂಗ್ಲೆಂಡಿನ ಅರಸರು ಬಡವರ ಪಾದ ತೊಳೆಯುತ್ತಿದ್ದ ಪದ್ಧತಿಯು ಇಂದು ಅರಸನ ವಯಸ್ಸಿನಷ್ಟು ಸಂಖ್ಯೆಯ ವೃದ್ಧ ಸ್ತ್ರೀಯರಿಗೂ ಅಷ್ಟೇ ಪುರುಷರಿಗೂ ನಾಣ್ಯ ಕೊಡುವುದಾಗಿ ಪರಿಣಮಿಸಿದೆ. 2013ರಲ್ಲಿ ಪೋಪ್ ಫ್ರಾನ್ಸಿಸರು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿನ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಹೆಣ್ಣುಮಕ್ಕಳೂ ಮುಸಲ್ಮಾನರೂ ಇದ್ದರು. ಪುರುಷರಿಗೆ ಮಾತ್ರ ಎಂದಿದ್ದ ವಿಧಿಯು 2016ರಲ್ಲಿ ಸ್ತ್ರೀಯರಿಗೂ ಅನ್ವಯಿಸುವಂತೆ ತಿದ್ದಲ್ಪಟ್ಟಿತು. ಕೇರಳದ ಸಂತ ತೋಮರ ಪರಂಪರೆಯ ಕ್ರೈಸ್ತರ ಮನೆಗಳಲ್ಲಿ ಇದೇ ರಾತ್ರಿ ಹುಳಿಯಿಲ್ಲದ ಅಪ್ಪದ ಮೇಲೆ ಭಾನುವಾರದ ಗರಿಯಿಂದ ಮಾಡಿದ ಶಿಲುಬೆಯನ್ನಿಟ್ಟು, ಮನೆಯ ಹಿರಿಯನು ಪ್ರಾರ್ಥಿಸಿ ಮುರಿದು ಹಂಚುವನು. ವರ್ಷದೊಳಗೆ ಸಾವು ಸಂಭವಿಸಿದ ಮನೆಯವರು ಅದನ್ನು ಮಾಡುವುದಿಲ್ಲವಾದುದರಿಂದ ನೆರೆಯವರು ತಂದುಕೊಡುವರು.

ಶುಕ್ರವಾರದಂದು ಕಥೋಲಿಕ ದೇವಾಲಯಗಳಲ್ಲಿ ಬಲಿಪೂಜೆಯಿಲ್ಲ. ಹಿಂದಿನ ರಾತ್ರಿಯೇ ಪೀಠದ ವಸ್ತ್ರಗಳನ್ನು ತೆಗೆದಾಗಿದೆ. ಗಂಟೆಗಳು ಮೌನವಾಗಿ, ಅವುಗಳ ಬದಲು ಮರದ ಹಲಗೆಗಳ ಸದ್ದು ಕೇಳಿಸುತ್ತದೆ. ಯಾಜಕನು ಬರಿಯ ಪೀಠದ ಮುಂದೆ ನೆಲದ ಮೇಲೆ ಮುಖವಡಿಯಾಗಿ ದೀರ್ಘದಂಡ ಬೀಳುವುದರಿಂದ ಆರಾಧನೆ ಮೊದಲಾಗುತ್ತದೆ. ಯೋಹಾನನ ಯಾತನಾವೃತ್ತಾಂತ, ಲೋಕದ ಸರ್ವರಿಗಾಗಿ ಪ್ರಾರ್ಥನೆ, ಶಿಲುಬೆಯ ವಂದನೆ, ಪರಮಪ್ರಸಾದದ ಸ್ವೀಕಾರ, ಇಷ್ಟೇ ಅದರ ಅಂಗಗಳು. ಇದರ ಹೊರಗೆ ಜನರ ಭಕ್ತಿಯು ಎರಡು ರೂಪಗಳನ್ನು ಸೃಷ್ಟಿಸಿಕೊಂಡಿತು. ಪವಿತ್ರಭೂಮಿಯ ಪಾಲನೆಯನ್ನು ಹೊತ್ತಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಪ್ರಚಾರಗೊಳಿಸಿದ ಶಿಲುಬೆ ಹಾದಿಯು ಒಂದು. ಅದರ ನಿಲ್ದಾಣಗಳು ಹದಿನಾಲ್ಕೆಂದು 1731ರಲ್ಲಿ ನಿಶ್ಚಯವಾಯಿತು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುವ ಆರಾಧನೆಯು ಮತ್ತೊಂದು. 1687ರ ಭೂಕಂಪದ ಬಳಿಕ ಪೆರು ದೇಶದ ಲೀಮಾ ನಗರದಲ್ಲಿ ಯೇಸುಸಭೆಯ ಯಾಜಕ ಅಲೋನ್ಸೋ ಮೆಸ್ಸಿಯಾ ಇದನ್ನು ರೂಪಿಸಿದನೆಂದು ಹೇಳುವರು. ಕಥೋಲಿಕ ಮೂಲದ ಈ ಪದ್ಧತಿಯು ಇಂದು ಕನ್ನಡನಾಡಿನ ಪ್ರಾಟೆಸ್ಟಂಟ್ ಸಭೆಗಳ ಶುಭ ಶುಕ್ರವಾರದ ಆರಾಧನೆಯಲ್ಲಿಯೂ ನೆಲೆಯೂರಿರುವುದು ಸಭೆಗಳ ನಡುವಣ ಗೋಡೆಗಳನ್ನು ಭಕ್ತಿಯು ದಾಟಬಲ್ಲುದೆಂಬುದಕ್ಕೆ ನಿದರ್ಶನವಾಗಿದೆ.

ಈ ಮರಣವು ಲೋಕಕ್ಕೆ ಹೇಗೆ ಹಿತವಾಯಿತೆಂಬ ವಿಷಯದಲ್ಲಿ ದೈವಶಾಸ್ತ್ರಜ್ಞರ ಅಭಿಪ್ರಾಯ ಒಂದೇ ಆಗಿಲ್ಲ. ಮಾನವನು ದೇವರ ಗೌರವಕ್ಕೆ ತಂದ ಕುಂದನ್ನು ತೀರಿಸಲು ಮಾನವನಿಗೆ ಶಕ್ತಿಯಿಲ್ಲ, ದೇವರಿಗೆ ಹೊಣೆಯಿಲ್ಲ. ಆದುದರಿಂದ ದೇವಮಾನವನೇ ತೀರಿಸಬೇಕಾಯಿತೆಂದು 1098ರಲ್ಲಿ ತನ್ನ ಗ್ರಂಥವನ್ನು ಮುಗಿಸಿದ ಆನ್ಸೆಲ್ಮನು ವಾದಿಸಿದನು. ಶಿಲುಬೆಯಲ್ಲಿ ಪ್ರಕಟವಾದ ಪ್ರೇಮವು ನಮ್ಮಲ್ಲಿ ಪ್ರತಿಪ್ರೇಮವನ್ನು ಉದ್ದೀಪಿಸುವುದೇ ವಿಮೋಚನೆಯೆಂದು ಮುಂದಿನ ತಲೆಮಾರಿನ ಅಬೆಲಾರ್ಡನು ತಿಳಿಸಿದನು. ಪಾಪ, ಮರಣ, ಸೈತಾನರೆಂಬ ಶತ್ರುಗಳ ಮೇಲೆ ಕ್ರಿಸ್ತನು ಸಾಧಿಸಿದ ಜಯವೆಂಬುದೇ ಆದಿಸಭೆಯ ದೃಷ್ಟಿಯೆಂದು ಸ್ವೀಡನ್ನಿನ ಗುಸ್ತಾಫ್ ಔಲೇನನು 1930ರ ಸುಮಾರಿನಲ್ಲಿ ಪ್ರತಿಪಾದಿಸಿದನು. ಮಹಾಯುದ್ಧದ ಸೆರೆಶಿಬಿರವನ್ನು ಕಂಡು ಬಂದ ಜರ್ಮನಿಯ ಮೋಲ್ಟ್‌ಮನ್ನನು 1972ರಲ್ಲಿ, ದುಃಖಿಗಳೊಡನೆ ದೇವರೂ ದುಃಖಿಸುವನೆಂಬ ವಿಚಾರವನ್ನು ಮುಂದಿಟ್ಟನು. ಗ್ರಂಥಗಳ ಹೊರಗೂ ಈ ಅರ್ಥವು ಬದುಕಿದೆ: ಬಡವರ ಪರವಾಗಿ ನಿಂತು 1980ರ ಮಾರ್ಚ್ 24ರಂದು, ತಪಸ್ಸುಕಾಲದಲ್ಲಿಯೇ, ಬಲಿಪೂಜೆ ಅರ್ಪಿಸುತ್ತಿದ್ದಾಗ ಗುಂಡಿಗೆ ಬಲಿಯಾದ ಎಲ್ ಸಾಲ್ವಡೋರಿನ ಆರ್ಚ್‌ಬಿಷಪ್ ಓಸ್ಕರ್ ರೊಮೇರೊ ಅವರ ಅಂತ್ಯಕ್ರಿಯೆ ನಡೆದುದು ಗರಿಗಳ ಭಾನುವಾರದಂದು, ಅಂದು ನೆರೆದ ಜನರ ಮೇಲೂ ಗುಂಡು ಹಾರಿ ಅನೇಕರು ಮಡಿದರು.

ಆಚರಣೆಯನ್ನೇ ವಿರೋಧಿಸಿದವರೂ ಕ್ರೈಸ್ತರಲ್ಲಿ ಇಲ್ಲದಿಲ್ಲ. 1522ರ ತಪಸ್ಸುಕಾಲದಲ್ಲಿ ಜ್ಯೂರಿಕ್ ನಗರದ ಮುದ್ರಕ ಫ್ರೋಶೌವರನ ಮನೆಯಲ್ಲಿ ಕೆಲವರು ಬಹಿರಂಗವಾಗಿ ಮಾಂಸ ತಿಂದರು. ಅಲ್ಲಿದ್ದ ಯಾಜಕ ಜ್ವಿಂಗ್ಲಿಯು ತಾನು ತಿನ್ನದಿದ್ದರೂ, ಧರ್ಮಗ್ರಂಥವು ವಿಧಿಸದ ಆಹಾರನಿಯಮವನ್ನು ಯಾರ ಮೇಲೂ ಹೇರಲಾಗದೆಂದು ಪ್ರಸಂಗ ಮಾಡಿದನು. ಸ್ವಿಟ್ಜರ್ಲೆಂಡಿನ ಸುಧಾರಣೆಗೆ ಅದೇ ನಾಂದಿಯಾಯಿತು. ಇಂಗ್ಲೆಂಡಿನ ಪ್ಯೂರಿಟನ್ ಪಾರ್ಲಿಮೆಂಟು 1647ರಲ್ಲಿ ಈಸ್ಟರ್ ಹಬ್ಬವನ್ನೇ ರದ್ದುಪಡಿಸಿತು. ಅವರ ಆಕ್ಷೇಪಣೆಯಲ್ಲಿ ಸತ್ಯಾಂಶವಿತ್ತು: ಹಣ ಕೊಟ್ಟು ವಿನಾಯಿತಿ ಪಡೆಯಬಹುದಾದ ಉಪವಾಸ, ಪುಣ್ಯಸಂಚಯವೆಂದು ಎಣಿಸಲ್ಪಡುವ ವ್ರತ ಇವುಗಳಿಂದ ಅಂತರಂಗಕ್ಕೆ ಪ್ರಯೋಜನವಿಲ್ಲ. ಆದರೆ ಬಾಹ್ಯನಿಯಮಗಳನ್ನೆಲ್ಲ ಕಿತ್ತೊಗೆದಾಗ ಅಂತರಂಗವು ತಾನಾಗಿಯೇ ಎಚ್ಚರವಾಗಿರುವುದೆಂಬ ನಂಬಿಕೆಯೂ ನಿಲ್ಲಲಿಲ್ಲ. ಇಂದು ದಕ್ಷಿಣ ಇಂಡಿಯಾ ಸಭೆಯೇ ಮೊದಲಾದ ಸಭೆಗಳಲ್ಲಿ ಲೆಂಟ್ ಕಾಲದ ಮನೆಪ್ರಾರ್ಥನೆಗಳೂ ತ್ಯಾಗಗಳೂ ಮತ್ತೆ ಬೇರೂರಿವೆ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆಯೊಂದುಂಟು; ಅದನ್ನು ಬಿಟ್ಟು ಈ ಸಮೀಕ್ಷೆಯನ್ನು ಮುಗಿಸುವುದು ಅಪ್ರಾಮಾಣಿಕವಾದೀತು. ಯೇಸುವೂ ಅವನ ತಾಯಿಯೂ ಶಿಷ್ಯರೂ ಯೆಹೂದ್ಯರೇ ಆಗಿದ್ದರು. ಮರಣದಂಡನೆಯನ್ನು ವಿಧಿಸಿದವನು ರೋಮಿನ ಅಧಿಕಾರಿ. ಆದರೂ ಶತಮಾನಗಳ ಕಾಲ ಶುಕ್ರವಾರದ ವಾಚನವನ್ನು ಕೇಳಿದ ಜನರು ದೇವಾಲಯದಿಂದ ಹೊರಬಂದು ನೆರೆಕೇರಿಯ ಯೆಹೂದ್ಯರ ಮೇಲೆ ದ್ವೇಷವನ್ನು ಕಾರಿದರು. 1215ರ ನಾಲ್ಕನೆಯ ಲ್ಯಾಟರನ್ ಸಭೆಯು ಪಾಸ್ಖಕ್ಕೆ ಮುನ್ನಿನ ದಿನಗಳಲ್ಲಿ ಯೆಹೂದ್ಯರು ಬೀದಿಗೆ ಬರಕೂಡದೆಂದು ವಿಧಿಸಿತು. 1903ರಲ್ಲಿ ರಷ್ಯನ್ ಸಾಮ್ರಾಜ್ಯದ ಕಿಷಿನೇವ್ ನಗರದಲ್ಲಿ ಈಸ್ಟರ್ ಭಾನುವಾರದಂದೇ ಆರಂಭವಾದ ಹಿಂಸೆಯಲ್ಲಿ 49 ಮಂದಿ ಯೆಹೂದ್ಯರು ಕೊಲೆಯಾದರು. ಪ್ಲೇಗಿನಿಂದ ಪಾರಾಗಲು 1633ರಲ್ಲಿ ಹೊತ್ತ ಹರಕೆಯಂತೆ 1634ರಿಂದ ಯಾತನಾನಾಟಕವನ್ನು ಆಡುತ್ತ ಬಂದಿರುವ ಬವೇರಿಯಾದ ಓಬರ್‌ಅಮರ್ಗೌ ಹಳ್ಳಿಯ ರಂಗವನ್ನು 1934ರಲ್ಲಿ ಹಿಟ್ಲರನು ಬಂದು ಕಂಡು ಮೆಚ್ಚಿದನೆಂಬುದು ಆ ಕಲೆಗೆ ಅಂಟಿದ ಕಳಂಕ. ಇದು ಅಜ್ಞಾನದಿಂದ ಆದುದೆಂದು ಹೇಳಿ ನುಣುಚಿಕೊಳ್ಳುವಂತೆಯೂ ಇಲ್ಲ. ಕ್ರಿಸ್ತನ ಯಾತನೆಗೆ ಪಾಪಿಗಳೆಲ್ಲರೂ ಕಾರಣರೆಂದೂ, ಅರಿತು ಪಾಪಮಾಡುವ ಕ್ರೈಸ್ತರ ಅಪರಾಧವು ಅರಿಯದೆ ಮಾಡಿದ ಯೆಹೂದ್ಯರದಕ್ಕಿಂತ ದೊಡ್ಡದೆಂದೂ 1566ರ ರೋಮನ್ ಧರ್ಮೋಪದೇಶ ಗ್ರಂಥವೇ ಸಾರಿತ್ತು. ತಮ್ಮ ಪಾತ್ರವನ್ನು ಪರರಿಗೆ ಹೊರಿಸಿದ ಭಕ್ತರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1959ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನರು ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹೀನಾಯಿಸುತ್ತಿದ್ದ ಪದವನ್ನು ತೆಗೆಸಿದರು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಕೂಡದೆಂದು ಘೋಷಿಸಿತು. ಓಬರ್‌ಅಮರ್ಗೌ ನಾಟಕದ ಪಾಠವೂ ಇತ್ತೀಚಿನ ದಶಕಗಳಲ್ಲಿ ಆಮೂಲಾಗ್ರವಾಗಿ ಪರಿಷ್ಕೃತವಾಯಿತು. ಇದು ತಡವಾಗಿ ಬಂದ ವಿವೇಕ. ಆದರೂ ನಿಜವಾದ ವಿವೇಕ.

ಧರ್ಮಸಭೆಯು ಮರೆತಾಗಲೂ ಕಲೆಯು ಈ ತತ್ತ್ವವನ್ನು ಕೆಲವೊಮ್ಮೆ ಕಾಪಾಡಿತೆಂಬುದಕ್ಕೆ ಸಂಗೀತಕಾರ ಬಾಖನ ಮತ್ತಾಯ ಯಾತನಾಗೀತವು ಸಾಕ್ಷಿ. ಲೈಪ್‌ಜಿಗಿನ ಸಂತ ತೋಮರ ದೇವಾಲಯದಲ್ಲಿ 1727ರಲ್ಲಿ ಹಾಡಲ್ಪಟ್ಟು, 1829ರಲ್ಲಿ ಯುವಕ ಮೆಂಡೆಲ್‌ಸೋನನಿಂದ ಬರ್ಲಿನಿನಲ್ಲಿ ಪುನರುಜ್ಜೀವನ ಪಡೆದ ಆ ಕೃತಿಯಲ್ಲಿ, ನಿಮ್ಮೊಳಗೊಬ್ಬನು ನನ್ನನ್ನು ಹಿಡಿದುಕೊಡುವನೆಂದು ಯೇಸು ಹೇಳಿದೊಡನೆ, ತಾನೋ ಎಂಬ ಶಿಷ್ಯರ ಪ್ರಶ್ನೆಯು ಹನ್ನೊಂದು ಸಲ ಕೇಳಿಸುತ್ತದೆ. ಹನ್ನೆರಡನೆಯವನಾದ ಯೂದನ ದನಿ ಬರಬೇಕಾದ ಎಡೆಯಲ್ಲಿ ಬಾಖನು ಸಭೆಯು ಬಲ್ಲ ಕೀರ್ತನೆಯ ಧಾಟಿಯನ್ನು ತರುತ್ತಾನೆ. ಅಪರಾಧಿ ತಾನೇ ಎಂದು ಆ ಕೀರ್ತನೆಯು ಒಪ್ಪಿಕೊಳ್ಳುತ್ತದೆ. ಕನ್ನಡದಲ್ಲಿಯೂ ಈ ಶುಕ್ರವಾರಕ್ಕೆ ಒಂದು ಮಹತ್ವದ ಕಾವ್ಯವು ದೊರೆತಿದೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ವಸ್ತುವಾಗಿಸಿಕೊಂಡು ರಚಿಸಿದ ‘ಗೊಲ್ಗೊಥಾ’ ಖಂಡಕಾವ್ಯವು, ಬುದ್ಧನ ಪರಿನಿರ್ವಾಣವನ್ನು ಕುರಿತ ಅವರ ‘ವೈಶಾಖಿ’ಯೊಡನೆ, ನಮ್ಮ ನವೋದಯ ಸಾಹಿತ್ಯದ ಉದಾರದೃಷ್ಟಿಗೆ ಗೌರವ ತಂದ ಕೃತಿ. ಕ್ರೈಸ್ತರಲ್ಲದ ಕವಿಯೊಬ್ಬರು ಪರಧರ್ಮದ ಅತ್ಯಂತ ನೋವಿನ ದಿನದೊಳಕ್ಕೆ ಅಷ್ಟೊಂದು ಶ್ರದ್ಧೆಯಿಂದ ಪ್ರವೇಶಿಸಿದುದು, ಆ ದಿನದ ಅರ್ಥವು ಒಂದು ಮತದವರ ಗಡಿಯೊಳಗೆ ಮುಗಿಯುವುದಿಲ್ಲವೆಂಬುದನ್ನು ತೋರಿಸಿಕೊಟ್ಟಿತು.

ಶನಿವಾರವು ಹಗಲೆಲ್ಲ ಯಾವ ಬಲಿಪೂಜೆಯೂ ಇಲ್ಲದ ದಿನ. ಕ್ರಿಸ್ತನು ಸತ್ತವರ ಲೋಕಕ್ಕೆ ಇಳಿದನೆಂಬ ವಿಶ್ವಾಸವು ಇಲ್ಲಿ ಧ್ಯಾನಕ್ಕೆ ವಿಷಯವಾಗುತ್ತದೆ. ಆದಿಸಭೆಯಲ್ಲಿ ಇದರ ರಾತ್ರಿಯ ಜಾಗರಣೆಯೇ ವರ್ಷದ ಮಹಾರಾತ್ರಿಯಾಗಿತ್ತು. ಆದರೆ ಮಧ್ಯಯುಗದಿಂದೀಚೆಗೆ ಆ ವಿಧಿಯು ಹಿಂದುಹಿಂದಕ್ಕೆ ಸರಿದು ಶನಿವಾರದ ಬೆಳಗಿಗೇ ಬಂದು, ಕತ್ತಲನ್ನು ಬೆಳಗಬೇಕಾದ ಬೆಂಕಿಯನ್ನು ಹಾಡುಹಗಲಿನಲ್ಲಿ ಬೆರಳೆಣಿಕೆಯ ಜನರೆದುರು ಹೊತ್ತಿಸುವಂತಾಗಿತ್ತು. ಪೋಪ್ ಹನ್ನೆರಡನೆಯ ಪಯಸರು 1951ರಲ್ಲಿ ಪ್ರಯೋಗಾರ್ಥವಾಗಿ ಅದನ್ನು ರಾತ್ರಿಗೆ ಮರಳಿಸಿ, 1955ರ ಆಜ್ಞೆಯಿಂದ ಇಡೀ ಪವಿತ್ರ ವಾರವನ್ನೇ ಸುಧಾರಿಸಿದರು. ಈಗ ಹೊರಗಣ ಅಂಗಳದಲ್ಲಿ ಹೊಸ ಬೆಂಕಿಯನ್ನು ಹೊತ್ತಿಸಿ, ದೊಡ್ಡ ಮೇಣದ ಬತ್ತಿಯ ಮೇಲೆ ಶಿಲುಬೆಯನ್ನೂ ಗ್ರೀಕ್ ವರ್ಣಮಾಲೆಯ ಆದ್ಯಂತಾಕ್ಷರಗಳನ್ನೂ ಆ ವರ್ಷದ ಅಂಕಿಗಳನ್ನೂ ಕೊರೆದು, ಐದು ಗಾಯಗಳ ಕುರುಹಾಗಿ ಐದು ಧೂಪದ ಕಾಳುಗಳನ್ನು ಚುಚ್ಚಿ, ಆ ಒಂದೇ ಜ್ವಾಲೆಯಿಂದ ಎಲ್ಲರ ಕೈಬತ್ತಿಗಳೂ ಹೊತ್ತಿಕೊಳ್ಳುವುವು. ಸೃಷ್ಟಿ, ಅಬ್ರಹಾಮನ ಬಲಿ, ಕೆಂಪುಸಮುದ್ರದ ದಾಟು ಇವುಗಳ ವಾಚನದ ಬಳಿಕ ದೀಕ್ಷಾಸ್ನಾನ ನಡೆದು ನಲವತ್ತು ದಿನಗಳ ಹಾದಿ ತನ್ನ ಗುರಿಯನ್ನು ಮುಟ್ಟುತ್ತದೆ. ವರ್ಷದ ಅಂಕಿಗಳನ್ನು ಕೊರೆಯುವುದರಲ್ಲಿ ಒಂದು ಅಭಿಪ್ರಾಯವುಂಟು: ಸಭೆಯು ಘೋಷಿಸುವ ವಿಮೋಚನೆಯು ಪುರಾತನ ಕಾಲಕ್ಕೆ ಸೇರಿದುದಾಗಿ ಉಳಿಯಬಾರದು, ಈ ವರ್ಷದ ಮನುಷ್ಯರಿಗೆ, ಈ ವರ್ಷದ ಅನ್ಯಾಯಗಳ ನಡುವೆ ತಲಪಬೇಕು.

ಆದುದರಿಂದಲೇ 1963ರಲ್ಲಿ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತ ತನ್ನ ಸಂವಿಧಾನದಲ್ಲಿ, ತಪಸ್ಸುಕಾಲದ ಪ್ರಾಯಶ್ಚಿತ್ತವು ಅಂತರಂಗಕ್ಕೂ ವ್ಯಕ್ತಿಗೂ ಸೀಮಿತವಾಗದೆ ಬಹಿರಂಗವೂ ಸಾಮಾಜಿಕವೂ ಆಗಬೇಕೆಂದು ತಿಳಿಸಿತು. ಹಸಿದವರೊಡನೆ ಅನ್ನವನ್ನು ಹಂಚಿಕೊಳ್ಳುವುದೂ ನೊಗವನ್ನು ಮುರಿಯುವುದೂ ದೇವರು ಬಯಸುವ ಉಪವಾಸವೆಂಬ ಯೆಶಾಯ ಪ್ರವಾದಿಯ ವಚನವನ್ನು ವಿಭೂತಿ ಬುಧವಾರದ ಮರುಶುಕ್ರವಾರವೇ ಓದಲು ಇಟ್ಟಿರುವುದೂ ಇದೇ ಉದ್ದೇಶದಿಂದ. ಸಿಹಿಯನ್ನೋ ಮಾಂಸವನ್ನೋ ಮನರಂಜನೆಯನ್ನೋ ಬಿಡುವುದು ಒಳ್ಳೆಯದೇ. ಆದರೆ ಬಿಟ್ಟುದರಿಂದ ಉಳಿದ ಹಣವೂ ಹೊತ್ತೂ ಯಾರಿಗೆ ಸೇರಿತೆಂಬ ಲೆಕ್ಕವನ್ನು ಒಪ್ಪಿಸದೆ ಆ ವ್ರತವು ಪೂರ್ಣವಾಗದು.

ಶುಭ ಶುಕ್ರವಾರದ ವಾಚನವನ್ನು ಮೊದಲ ಬಾರಿಗೆ ಗಮನವಿಟ್ಟು ಕೇಳಿದ ಮಗುವು, ಯೇಸುವನ್ನು ಕೊಂದವರು ಯಾರು ಎಂದು ತಂದೆತಾಯಿಗಳನ್ನೋ ಭಾನುವಾರದ ಶಾಲೆಯ ಉಪಾಧ್ಯಾಯಿನಿಯನ್ನೋ ಕೇಳುವುದು ಸಹಜ. ಯಾವುದಾದರೊಂದು ಜನಾಂಗದ ಹೆಸರು ಹೇಳುವುದು ಸುಲಭ. ಆ ಸುಲಭವಾದ ಉತ್ತರದ ಬೆಲೆಯನ್ನು ಚರಿತ್ರೆಯು ರಕ್ತದಲ್ಲಿ ಬರೆದಿಟ್ಟಿದೆ. ಹೆದರಿ ಓಡಿದ ಗೆಳೆಯರು, ಸತ್ಯವನ್ನರಿತೂ ಕೈತೊಳೆದುಕೊಂಡ ಅಧಿಕಾರಿ, ಗುಂಪಿನೊಡನೆ ಕೂಗಿದ ನಿರಪಾಯಿಗಳು, ಹಣಕ್ಕೆ ಸೋತ ಆಪ್ತ, ಇವರನ್ನು ಒಬ್ಬೊಬ್ಬರಾಗಿ ತೋರಿಸಿ, ಇವರ ದೌರ್ಬಲ್ಯಗಳಲ್ಲಿ ಯಾವುದು ತಮ್ಮಲ್ಲಿಲ್ಲವೆಂದು ತಾವೂ ಮಗುವಿನೊಡನೆ ಕುಳಿತು ಯೋಚಿಸುವ ಹಿರಿಯರು ಮಾತ್ರ ಸರಿಯಾದ ಉತ್ತರವನ್ನು ಕೊಟ್ಟವರಾಗುತ್ತಾರೆ. ಪಾಸ್ಖದ ಆನಂದವು ಕ್ಷಮೆ ಪಡೆದವರ ಆನಂದ. ತಪ್ಪಿತಸ್ಥರ ಸಾಲಿನಲ್ಲಿ ಎಂದೂ ನಿಲ್ಲದವನಿಗೆ ಆ ಕ್ಷಮೆಯ ಅಗತ್ಯವೇ ತೋರದಿರುವುದರಿಂದ, ಅವನು ಹಬ್ಬದ ಊಟವನ್ನು ಉಂಡರೂ ಹಬ್ಬವನ್ನು ಪಡೆಯಲಾರನು.